ಇಂಡಿಯನ್ ಮೋಟಾರ್‌ಸೈಕಲ್: ಚರಿತ್ರೆ ಮತ್ತು ಪುನರುಜ್ಜೀವನ

ಇಂಡಿಯನ್ ಅಮೆರಿಕದ ಮೋಟಾರ್‌ಸೈಕಲ್ ಬ್ರ್ಯಾಂಡ್. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹುಟ್ಟಿತು; 1953ರಲ್ಲಿ ಅದರ ತಯಾರಿಕೆ ನಿಂತಿತು; ಬಳಿಕ ಸುಮಾರು ಅರ್ಧ ಶತಮಾನ ಬರೀ ಹೆಸರಾಗಿ ಕೈಯಿಂದ ಕೈಗೆ ದಾಟಿ, ಮತ್ತೆ ಕಾರ್ಖಾನೆಯ ಮುಖ ಕಂಡಿತು. ಹೆಸರು ಸೂಚಿಸುವುದು ಅಮೆರಿಕದ ಮೂಲನಿವಾಸಿಗಳನ್ನು, ಭಾರತವನ್ನಲ್ಲ. ಕಂಪನಿಯ ಈಗಿನ ಪ್ರಚಾರ 1901ರಿಂದ ಇಂದಿನವರೆಗೆ ಒಂದೇ ಎಳೆಯನ್ನು ಕಾಣುತ್ತದೆ. 1953ರ ನಂತರದ್ದೆಲ್ಲ ಟ್ಯಾಂಕಿಗೆ ಅಂಟಿಸಿದ ಹೆಸರಷ್ಟೇ ಎನ್ನುವುದು ಇದಕ್ಕೆ ವಿರುದ್ಧವಾದ ವಾದ. ದಾಖಲೆಗಳು ಎರಡನ್ನೂ ಪೂರ್ತಿಯಾಗಿ ಒಪ್ಪುವುದಿಲ್ಲ. ಹೆಸರಿನ ಒಡೆತನದ್ದೊಂದು ವಂಶಾವಳಿ, ಯಂತ್ರದ ವಿನ್ಯಾಸದ್ದು ಮತ್ತೊಂದು. ಇವೆರಡನ್ನೂ ಬೇರ್ಪಡಿಸಿ ನೋಡಿದಾಗ ಮಾತ್ರ ಇಂಡಿಯನ್ ಎಲ್ಲಿ ಸತ್ತಿತು, ಎಲ್ಲಿ ಮರುಹುಟ್ಟು ಪಡೆಯಿತು ಎಂಬುದು ತಿಳಿಯುತ್ತದೆ.

ಹುಟ್ಟಿದ ವರ್ಷದಲ್ಲೇ ಗೊಂದಲವಿದೆ. ಸೈಕಲ್ ರೇಸಿನಲ್ಲಿ ಹೆಸರು ಮಾಡಿದ್ದ ಜಾರ್ಜ್ ಹೆಂಡೀ 1897ರಲ್ಲಿ ಸೈಕಲ್ ಕಂಪನಿ ತೆರೆದರು. ಅವರಿಗಾಗಿ ಸ್ವೀಡನ್ ಮೂಲದ ಆಸ್ಕರ್ ಹೆಡ್‌ಸ್ಟ್ರಾಮ್ ಮೊದಲ ಮೋಟಾರ್‌ಸೈಕಲ್ ಮಾದರಿಯನ್ನು ಕನೆಕ್ಟಿಕಟ್‌ನ ಮಿಡಲ್‌ಟೌನ್‌ನಲ್ಲಿ ಕಟ್ಟಿದ್ದು 1901ರಲ್ಲಿ. ಜನರಿಗೆ ಮಾರಾಟ ಶುರುವಾದದ್ದು ಮರುವರ್ಷ. ಹೆಂಡೀ ಮ್ಯಾನುಫ್ಯಾಕ್ಚರಿಂಗ್ ಎಂದಿದ್ದ ಕಂಪನಿ ಇಂಡಿಯನ್ ಹೆಸರನ್ನು ತನ್ನದಾಗಿಸಿಕೊಂಡದ್ದು 1923ರಲ್ಲಿ. ಹೀಗಾಗಿ 1901 ಎಂಬುದು ಮೊದಲ ಮಾದರಿಯ ವರ್ಷ, ಕಂಪನಿಯದ್ದಲ್ಲ. ಅಮೆರಿಕದ ಮೊದಲ ಮೋಟಾರ್‌ಸೈಕಲ್ ಎಂಬ ಹೊಗಳಿಕೆಯೂ ನಿಲ್ಲುವುದಿಲ್ಲ. ಅದಕ್ಕೂ ಮುನ್ನವೇ ಮ್ಯಾಸಚೂಸೆಟ್ಸ್‌ನದೇ ವಾಲ್ಥಮ್‌ನಲ್ಲಿ ಚಾರ್ಲ್ಸ್ ಮೆಟ್ಜ್ ಅವರ ಓರಿಯಂಟ್ ಆಸ್ಟರ್ ಹೊರಬಂದಿತ್ತು. ಇನ್ನೊಂದು ಸಂಗತಿಗೆ ಹೆಚ್ಚು ತೂಕ ಕೊಡಬೇಕು. ಮೊದಲ ಕೆಲವು ವರ್ಷ ಇಂಡಿಯನ್ ಎಂಜಿನ್‌ಗಳು ತಯಾರಾದದ್ದು ಸ್ಪ್ರಿಂಗ್‌ಫೀಲ್ಡ್‌ನಲ್ಲಲ್ಲ, ಇಲಿನಾಯ್ ರಾಜ್ಯದ ಅರೋರಾದ ಬೇರೊಂದು ಕಂಪನಿಯಲ್ಲಿ. ಹೊರಗಿನಿಂದ ತಂದ ಎಂಜಿನ್ ಹಾಕಿದ ಗಾಡಿ ಇಂಡಿಯನ್ ಅಲ್ಲ ಎನ್ನುವುದಾದರೆ ಮೊದಲ ಇಂಡಿಯನ್‌ಗಳನ್ನೇ ಪಟ್ಟಿಯಿಂದ ತೆಗೆಯಬೇಕಾಗುತ್ತದೆ. ಆದರೆ ಅರೋರಾದಲ್ಲಿ ತಯಾರಾದದ್ದು ಹೆಡ್‌ಸ್ಟ್ರಾಮ್ ವಿನ್ಯಾಸ. ಆದ್ದರಿಂದ ಎರಕ ಎಲ್ಲಿ ಹೊಯ್ದರು ಎನ್ನುವುದಕ್ಕಿಂತ ವಿನ್ಯಾಸ ಯಾರದು ಎನ್ನುವುದೇ ಸರಿಯಾದ ಅಳತೆಗೋಲು.

ಏಳಿಗೆಯ ಕಾಲ ಎಲ್ಲರಿಗೂ ತಿಳಿದದ್ದೇ. 1907ರಲ್ಲಿ ವಿ-ಟ್ವಿನ್ ಬಂತು. 1911ರ ಐಲ್ ಆಫ್ ಮ್ಯಾನ್ ಸೀನಿಯರ್ ಟಿಟಿಯಲ್ಲಿ ಮೊದಲ ಮೂರೂ ಸ್ಥಾನ ಇಂಡಿಯನ್ ಸವಾರರ ಪಾಲಾದವು. 1913ರಲ್ಲಿ ತಯಾರಿಕೆ 30,000 ದಾಟಿತು. ಹೆಡ್‌ಸ್ಟ್ರಾಮ್ ಅದೇ ವರ್ಷ, ಹೆಂಡೀ 1916ರಲ್ಲಿ ಕಂಪನಿ ತೊರೆದರು. ಮೊದಲ ಮಹಾಯುದ್ಧದಲ್ಲಿ ಗಾಡಿಗಳನ್ನು ಹೆಚ್ಚಾಗಿ ಸೇನೆಗೇ ಕೊಟ್ಟಿದ್ದರಿಂದ ಊರೂರಿನ ಡೀಲರುಗಳ ಮಳಿಗೆ ಬರಿದಾಯಿತು, ಆ ಜಾಗಕ್ಕೆ ಹಾರ್ಲಿ-ಡೇವಿಡ್‌ಸನ್ ನುಗ್ಗಿತು. ಆದರೂ ಐರ್ಲೆಂಡಿನ ಚಾರ್ಲ್ಸ್ ಫ್ರಾಂಕ್ಲಿನ್ ರೂಪಿಸಿದ ಸ್ಕೌಟ್ (1920), ಚೀಫ್ (1922) ಮಾದರಿಗಳು ಕಂಪನಿಯನ್ನು ಮೂರು ದಶಕ ಹೊತ್ತು ನಡೆಸಿದವು. 1930ರಲ್ಲಿ ಒಡೆತನ ಇ. ಪಾಲ್ ಡುಪಾಂಟ್ ಅವರಿಗೆ ಬಂತು.

ಪತನದ ಹೊಣೆಯನ್ನು 1945ರಲ್ಲಿ ಕಂಪನಿ ಕೊಂಡ ರಾಲ್ಫ್ ರೋಜರ್ಸ್ ತಲೆಗೆ ಕಟ್ಟುವುದು ವಾಡಿಕೆ. ಬ್ರಿಟಿಷ್ ಮಾದರಿಯ ಹಗುರ ಗಾಡಿಗಳಿಗೆ ಅವರು ಹಣ ಸುರಿದರು, ಸರಿಯಾದ ಪರೀಕ್ಷೆಯಿಲ್ಲದೆ ಮಾರುಕಟ್ಟೆಗೆ ಬಂದ ಆ ಗಾಡಿಗಳು ಕೆಟ್ಟವು ಎಂಬುದು ನಿಜ. ಆದರೆ ಅವರ ಊಹೆ ತಪ್ಪಾಗಿರಲಿಲ್ಲ. ಅಮೆರಿಕದ ಯುವಕರು ಹಗುರ ಗಾಡಿಗಳನ್ನೇ ಕೊಳ್ಳುತ್ತಿದ್ದರು, ಕೊಂಡದ್ದು ಮಾತ್ರ ಬ್ರಿಟನ್ನಿನವನ್ನು. 1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿತು. ಒಂದೇ ಏಟಿಗೆ ಆಮದು ಗಾಡಿಗಳು ಅಗ್ಗವಾದವು. ಈ ಹೊಡೆತವನ್ನು ಲೆಕ್ಕಕ್ಕೆ ಹಿಡಿಯದೆ ರೋಜರ್ಸ್ ಅವರನ್ನು ದೂರುವುದು ನ್ಯಾಯವಲ್ಲ. 1950ರಲ್ಲಿ ಅವರು ಹೊರನಡೆದರು, 1953ರಲ್ಲಿ ಚೀಫ್ ಕೂಡ ನಿಂತಿತು.

ಇಲ್ಲಿಂದ ಮುಂದಿನ 45 ವರ್ಷಗಳನ್ನು ಹೆಚ್ಚಿನ ಬರಹಗಳು ಎರಡು ಸಾಲಿನಲ್ಲಿ ಮುಗಿಸುತ್ತವೆ. ಹೆಸರು ಯಂತ್ರದಿಂದ ಬೇರೆಯಾದದ್ದು ಈ ಅವಧಿಯಲ್ಲೇ ಆದ್ದರಿಂದ ಇದನ್ನು ಹಾಗೆ ದಾಟಿಬಿಡಲಾಗದು. ಹೆಸರು ಮೊದಲು ಬ್ರಿಟನ್ನಿನ ಬ್ರಾಕ್‌ಹೌಸ್ ಸಂಸ್ಥೆಯ ಕೈಸೇರಿತು. 1955ರಿಂದ 1960ರವರೆಗೆ ಇಂಗ್ಲೆಂಡಿನ ರೆಡಿಚ್‌ನಲ್ಲಿ ತಯಾರಾದ ರಾಯಲ್ ಎನ್‌ಫೀಲ್ಡ್ ಗಾಡಿಗಳೇ ಅಮೆರಿಕದಲ್ಲಿ ಇಂಡಿಯನ್ ಎಂದು ಮಾರಾಟವಾದವು. 500 ಸಿಸಿ ಬುಲೆಟ್ಟಿಗೆ ಅಲ್ಲಿ ವುಡ್ಸ್‌ಮನ್ ಎಂದು ಹೆಸರಿಟ್ಟರು. ಅದೇ ಕಾಲದಲ್ಲಿ ಮದರಾಸಿನಲ್ಲಿ ಬುಲೆಟ್ ತಯಾರಿಕೆ ಬೇರೂರುತ್ತಿತ್ತು. ನಮ್ಮ ರಸ್ತೆಗಳಿಗೆ ಚಿರಪರಿಚಿತವಾದ ಗಾಡಿಗೆ ಇಂಡಿಯನ್‌ನ ಜೊತೆ ಇರುವ ನಿಜವಾದ ನಂಟು ಇದು. ಬಳಿಕ ಹೆಸರು ಮ್ಯಾಚ್‌ಲೆಸ್ ತಯಾರಕರಾದ ಅಸೋಸಿಯೇಟೆಡ್ ಮೋಟಾರ್ ಸೈಕಲ್ಸ್‌ಗೆ ದಾಟಿತು. 1960ರ ದಶಕದ ಕೊನೆಗೆ ಪ್ರಕಾಶಕ ಫ್ಲಾಯ್ಡ್ ಕ್ಲೈಮರ್ ಇಟಲಿಯ ಚಿಕ್ಕ ಗಾಡಿಗಳ ಮೇಲೂ, ವೆಲೊಸೆಟ್ ಎಂಜಿನ್ ಹಾಕಿದ ಗಾಡಿಗಳ ಮೇಲೂ ಇದೇ ಹೆಸರು ಬಳಸಿದರು. ಅವರಿಗೆ ಆ ಹಕ್ಕು ಕಾನೂನುಬದ್ಧವಾಗಿ ಇತ್ತೇ ಎಂಬುದೇ ವಿವಾದ. 1970ರಲ್ಲಿ ಅವರು ತೀರಿಕೊಂಡ ಮೇಲೆ ಈ ವಿವಾದಿತ ಹಕ್ಕನ್ನೇ ಒಬ್ಬರಿಂದ ಒಬ್ಬರು ಕೊಳ್ಳುತ್ತ ಹೋದರು. ವಿಚಿತ್ರವೆಂದರೆ, ಹೆಸರು ಹೀಗೆ ಅಲೆಯುತ್ತಿದ್ದಾಗಲೇ ನ್ಯೂಜಿಲೆಂಡಿನ ಬರ್ಟ್ ಮನ್ರೋ 1920ರ ಹಳೆಯ ಸ್ಕೌಟನ್ನು ತಮ್ಮ ಕೈಯಾರೆ ಮಾರ್ಪಡಿಸಿ, 1967ರಲ್ಲಿ ಬಾನ್‌ವಿಲ್ ಉಪ್ಪುಬಯಲಿನಲ್ಲಿ 1000 ಸಿಸಿ ಒಳಗಿನ ವರ್ಗದ ವೇಗದಾಖಲೆ ಬರೆದರು. ವಿನ್ಯಾಸದ ವಂಶಕ್ಕೆ ಉಸಿರಿದ್ದದ್ದು ಇಂಥ ಹಳೆಯ ಗಾಡಿಗಳಲ್ಲಿ, ಹೆಸರಿನ ಒಡೆಯರ ಬಳಿಯಲ್ಲ. 1990ರ ದಶಕದಲ್ಲಿ ಹಕ್ಕು ತಮ್ಮದೆಂದು ಹಲವರು ಏಕಕಾಲಕ್ಕೆ ಹೇಳಿಕೊಂಡರು. ಅವರಲ್ಲೊಬ್ಬ ವಂಚನೆಯ ಆರೋಪ ಸಾಬೀತಾಗಿ ಅಪರಾಧಿಯಾದ. ನ್ಯಾಯಾಲಯ ನೇಮಿಸಿದ ರಿಸೀವರ್ ಜೊತೆ ಎಲ್ಲರ್ ಇಂಡಸ್ಟ್ರೀಸ್ ಒಪ್ಪಂದ ಮಾಡಿಕೊಂಡು, ಮೂಲನಿವಾಸಿ ಅಂಪ್ಕ್ವಾ ಬುಡಕಟ್ಟಿನ ನೆಲದಲ್ಲಿ ಕಾರ್ಖಾನೆ ಕಟ್ಟುವ ಮಾತುಕತೆಯನ್ನೂ ನಡೆಸಿತ್ತು. ಗಡುವು ತಪ್ಪಿ ಅದು ಮುರಿದುಬಿತ್ತು. 1998ರ ಡಿಸೆಂಬರ್‌ನಲ್ಲಿ ಡೆನ್ವರ್‌ನ ಫೆಡರಲ್ ನ್ಯಾಯಾಲಯ ಬೇರೊಂದು ಸಂಸ್ಥೆಗೆ ಮಾರಾಟವನ್ನು ಒಪ್ಪಿತು.

ಈ ತೀರ್ಪನ್ನೇ ಪುನರುಜ್ಜೀವನ ಎನ್ನುವವರಿದ್ದಾರೆ. ಆದರೆ ತೀರ್ಪು ಬಗೆಹರಿಸಿದ್ದು ಹೆಸರಿನ ಒಡೆತನವನ್ನಷ್ಟೇ. ಹೆಸರು ಪಡೆದ ಆ ಸಂಸ್ಥೆಯೂ ಸೇರಿ ಒಂಬತ್ತು ಕಂಪನಿಗಳು ಕೂಡಿ ಕ್ಯಾಲಿಫೋರ್ನಿಯಾದ ಗಿಲ್ರಾಯ್‌ನಲ್ಲಿ 1999ರಿಂದ ಕಟ್ಟಿದ ಚೀಫ್‌ಗೆ ವಿಸ್ಕಾನ್ಸಿನ್‌ನ ಎಸ್ ಅಂಡ್ ಎಸ್ ಎಂಜಿನ್ ಇತ್ತು. ಅರೋರಾದ ಎಂಜಿನ್ ಒಪ್ಪುವುದಾದರೆ ಇದೇಕೆ ಸಲ್ಲದು ಎಂದು ಕೇಳಬಹುದು. ಅರೋರಾ ತಯಾರಿಸಿದ್ದು ಇಂಡಿಯನ್‌ಗಾಗಿ ಹೆಡ್‌ಸ್ಟ್ರಾಮ್ ರೂಪಿಸಿದ ಎಂಜಿನ್. ಎಸ್ ಅಂಡ್ ಎಸ್‌ನದು ಹಾರ್ಲಿ ಮಾದರಿಯ, ಬೇರೆಯವರಿಗೂ ಸಿಗುತ್ತಿದ್ದ ಎಂಜಿನ್. 2002ರಲ್ಲಿ ಗಿಲ್ರಾಯ್ ಪವರ್‌ಪ್ಲಸ್ 100 ಎಂಬ ತನ್ನದೇ ಎಂಜಿನ್ ತಂದದ್ದು ಗಂಭೀರ ಪ್ರಯತ್ನ. ಮರುವರ್ಷವೇ ಕಂಪನಿ ದಿವಾಳಿಯಾಗಿ ಅದು ಬೆಳೆಯಲಿಲ್ಲ. ಆಮೇಲೆ ಹೆಸರು ಕೊಂಡ ಲಂಡನ್ನಿನ ಸ್ಟೆಲಿಕನ್, ಉತ್ತರ ಕೆರೊಲೈನಾದ ಕಿಂಗ್ಸ್ ಮೌಂಟನ್‌ನಲ್ಲಿ ಸಣ್ಣ ಪ್ರಮಾಣದಲ್ಲಿ ದುಬಾರಿ ಚೀಫ್‌ಗಳನ್ನು ಕಟ್ಟಿತು.

2011ರಲ್ಲಿ ಮಿನೆಸೋಟದ ಪೊಲಾರಿಸ್ ಬ್ರ್ಯಾಂಡನ್ನು ಕೊಂಡು ತಯಾರಿಕೆಯನ್ನು ಅಯೊವಾದ ಸ್ಪಿರಿಟ್ ಲೇಕ್‌ಗೆ ಒಯ್ದಿತು. 2013ರಲ್ಲಿ ಥಂಡರ್ ಸ್ಟ್ರೋಕ್ 111 (1811 ಸಿಸಿ) ಎಂಬ ಹೊಸ ಎಂಜಿನ್ ತಂದಿತು. ಇದು ಫ್ರಾಂಕ್ಲಿನ್ ಎಂಜಿನ್ನಿನ ಸಂತತಿಯಲ್ಲ, ಹೊರರೂಪದಲ್ಲಷ್ಟೇ ಹಳೆಯ ಚೀಫನ್ನು ನೆನಪಿಸುತ್ತದೆ ಎಂಬ ಆಕ್ಷೇಪ ನಿಜ. ಹಾಗಾಗಿಯೇ 2013ನ್ನು ಮುಂದುವರಿಕೆ ಎನ್ನದೆ ಹೊಸ ಆರಂಭ ಎಂದು ದಾಖಲಿಸುವುದು ಸರಿ. ಇಂಡಿಯನ್‌ಗಾಗಿಯೇ ರೂಪಿಸಿದ ಎಂಜಿನ್, ಅದಕ್ಕೆ ತಕ್ಕ ಕಾರ್ಖಾನೆ, ಮಾರಾಟದ ಜಾಲ ಇವೆಲ್ಲವೂ 1953ರ ನಂತರ ಒಟ್ಟಿಗೆ ಬಂದು ನೆಲೆನಿಂತದ್ದು ಆಗಲೇ. 2014ರಲ್ಲಿ ಸ್ಕೌಟ್ ಮರಳಿತು; ಅದೇ ವರ್ಷ ಇಂಡಿಯನ್ ಗಾಡಿಗಳು ಭಾರತದ ಮಾರುಕಟ್ಟೆಗೂ ಬಂದವು. 2017ರಲ್ಲಿ ಪೊಲಾರಿಸ್ ತಾನೇ ಬೆಳೆಸಿದ್ದ ವಿಕ್ಟರಿ ಬ್ರ್ಯಾಂಡನ್ನು ಮುಚ್ಚಿ ಇಂಡಿಯನ್ ಉಳಿಸಿಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಬಹುಪಾಲು ಒಡೆತನವನ್ನು ಕ್ಯಾರಲ್‌ವುಡ್ ಎಂಬ ಹೂಡಿಕೆ ಸಂಸ್ಥೆಗೆ ಮಾರುವುದಾಗಿ ಪ್ರಕಟಿಸಿತು. ಆಗ ಪ್ರಕಟವಾದ ಒಪ್ಪಂದದ ಪ್ರಕಾರ ಹೆಸರಿನ ಜೊತೆಗೆ ಸ್ಪಿರಿಟ್ ಲೇಕ್ ಕಾರ್ಖಾನೆಯೂ ಹೊಸ ಒಡೆಯರಿಗೆ ಸೇರುತ್ತದೆ.