ತಪ್ಪನ್ನು ತಾಳಿಕೊಳ್ಳುವ ವಿಮಾನ



ಸೈಕಲ್ ಕಲಿಯುವಾಗ ಬೀಳದವರು ಯಾರಿದ್ದಾರೆ ಹೇಳಿ? ಮೊಣಕಾಲು ತರಚಿಕೊಂಡು ಮತ್ತೆ ಹತ್ತಿದವರೇ ನಾವೆಲ್ಲ. ವಿಮಾನ ಕಲಿಯುವವರಿಗೆ ಆ ಸೌಲಭ್ಯವಿಲ್ಲ. ಹೊಸಬರು ತಪ್ಪು ಮಾಡಿಯೇ ಮಾಡುತ್ತಾರೆ. ಅದನ್ನು ವಿಮಾನವೇ ತಾಳಿಕೊಳ್ಳಬೇಕು. ಬೆಂಗಳೂರಿನ ಎಚ್‌ಎಎಲ್ ಇದಕ್ಕಾಗಿ ಪಟ್ಟ ಪಾಡು ಸಣ್ಣದಲ್ಲ.

ಶುರುವಾತು ಚೆನ್ನಾಗಿಯೇ ಇತ್ತು. ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಅಕ್ಷರಾಭ್ಯಾಸ ಮಾಡಿದ್ದು ಅದರಲ್ಲೇ. ದೂರದ ಘಾನಾ ದೇಶದ ವಾಯುಪಡೆಗೂ ಅದು ಹೋಯಿತು.

ಅದರ ಜಾಗಕ್ಕೆ ಬಂದದ್ದು ಎಚ್‌ಪಿಟಿ-32 'ದೀಪಕ್'. 1977ರಲ್ಲಿ ಮೊದಲ ಹಾರಾಟ. ಅದರ ದೊಡ್ಡ ಕೊರತೆಯೆಂದರೆ ಆಕಾಶದಲ್ಲೇ ಎಂಜಿನ್ ನಿಂತುಬಿಡುವುದು. ನಿಂತರೆ ತೇಲಿಕೊಂಡು ಬಂದು ಇಳಿಯುವ ಗುಣವೂ ಅದಕ್ಕೆ ಕಡಿಮೆ. 17 ಅಪಘಾತಗಳಲ್ಲಿ 19 ಜೀವಗಳು ಹೋದವು. ಹೈದರಾಬಾದಿನ ಕೇಳುಗರಿಗೆ ನೆನಪಿರಬಹುದು, 2009ರ ಜುಲೈ 31ರಂದು ಮೇದಕ್ ಜಿಲ್ಲೆಯಲ್ಲಿ ಒಂದು ದೀಪಕ್ ಬಿದ್ದು ಇಬ್ಬರು ತೀರಿಕೊಂಡರು. ಅಲ್ಲಿಗೆ ದೀಪಕ್ ಹಾರಾಟ ನಿಂತಿತು. ಸ್ವಿಟ್ಜರ್ಲೆಂಡಿನಿಂದ 75 ಪಿಲಾಟಸ್ ವಿಮಾನ ತರಿಸಬೇಕಾಯಿತು.

ಇಂಥ ಹೊತ್ತಿನಲ್ಲಿ ಎಚ್‌ಎಎಲ್ ಎಚ್‌ಟಿಟಿ-40ಕ್ಕೆ ಕೈಹಾಕಿತು. ವಾಯುಪಡೆಗೆ ಮೊದಮೊದಲು ನಂಬಿಕೆಯಿರಲಿಲ್ಲ. ಸಂಸ್ಥೆ ತನ್ನ ಜೇಬಿನ ಹಣ ಹಾಕಿಯೇ ಕೆಲಸ ಮುಂದುವರಿಸಿತು. 2016ರ ಮೇ 31ರಂದು ಗ್ರೂಪ್ ಕ್ಯಾಪ್ಟನ್ ಸಿ. ಸುಬ್ರಮಣಿಯಂ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲೇ ಮೊದಲ ಹಾರಾಟ ನಡೆಯಿತು.

ಹಾರಿದ್ದು ಅರ್ಧ ಪರೀಕ್ಷೆ ಮಾತ್ರ. ನಿಜವಾದ ಪರೀಕ್ಷೆಯ ಹೆಸರು 'ಸ್ಪಿನ್'. ಮೂಗು ಅತಿಯಾಗಿ ಎತ್ತಿ ವೇಗ ಕಳೆದುಕೊಂಡರೆ ರೆಕ್ಕೆಗಳು ವಿಮಾನವನ್ನು ಹೊರಲಾರವು. ಒಂದು ರೆಕ್ಕೆ ಮೊದಲು ಕುಸಿದರೆ ವಿಮಾನ ಬುಗುರಿಯಂತೆ ಸುತ್ತುತ್ತಾ ನೆಲದತ್ತ ಬೀಳುತ್ತದೆ. ಕಲಿಯುವವರು ಬೇಕೆಂದೇ ಇದರೊಳಗೆ ಹೋಗಿ ಹೊರಬರುವುದನ್ನು ಅಭ್ಯಾಸ ಮಾಡಬೇಕು. ಅವರಿಗಿಂತ ಮೊದಲು ಪರೀಕ್ಷಾ ಪೈಲಟ್‌ಗಳು ಆ ಸುಳಿಗೆ ಇಳಿದು ನೋಡಬೇಕು.

ಎಚ್‌ಟಿಟಿ-40 ಇಲ್ಲಿ ಸುಲಭಕ್ಕೆ ಪಾಸಾಗಲಿಲ್ಲ. ಬಾಲದ ಭಾಗವನ್ನು ತಿದ್ದಿದರು. ವಿಮಾನ ಸುಳಿಯಿಂದ ಹೊರಬಾರದಿದ್ದರೆ ಇರಲಿ ಎಂದು ಹಿಂದೆ ಪ್ಯಾರಾಚೂಟ್ ಕಟ್ಟಿಕೊಂಡು ಮತ್ತೆ ಮತ್ತೆ ಹಾರಿದರು. ಕೊನೆಗೆ 2020ರಲ್ಲಿ ಎಡಕ್ಕೂ ಬಲಕ್ಕೂ ಆರಾರು ಸುತ್ತು ಸುತ್ತಿ ಸುರಕ್ಷಿತವಾಗಿ ಹೊರಬಂದಿತು. 2023ರ ಮಾರ್ಚ್‌ನಲ್ಲಿ ವಾಯುಪಡೆಗಾಗಿ 70 ವಿಮಾನಗಳ ಒಪ್ಪಂದಕ್ಕೆ ಸಹಿ ಬಿತ್ತು. ಮೊತ್ತ ಸುಮಾರು 6,800 ಕೋಟಿ ರೂಪಾಯಿ.

ಯುದ್ಧವಿಮಾನಕ್ಕೆ ಸಿಗುವ ಚಪ್ಪಾಳೆ ತರಬೇತಿ ವಿಮಾನಕ್ಕೆ ಸಿಗುವುದಿಲ್ಲ. ಆದರೆ ಆ ಯುದ್ಧವಿಮಾನ ಹಾರಿಸುವವರು ಮೊದಲು ಕೂತದ್ದು ಇಂಥದ್ದರಲ್ಲೇ. ನಿಮ್ಮ ಊರಿನ ಮೇಲೆ ಮುಂದಿನ ಸಲ ಪುಟ್ಟ ವಿಮಾನವೊಂದು ಗುಂಯ್‌ಗುಟ್ಟುತ್ತಾ ಹೋದರೆ ಒಮ್ಮೆ ತಲೆಯೆತ್ತಿ ನೋಡಿ. ಯಾರ ಮನೆಯ ಮಗುವೋ ಅದರಲ್ಲಿ ಹಾರಲು ಕಲಿಯುತ್ತಿರಬಹುದು.