ಕುಂಚಿಗೆ ಬಂದ ಹಾದಿ

‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು’ ಎಂಬ ಗಾದೆಯನ್ನು ಆತುರಗಾರರನ್ನು ಹಂಗಿಸಲು ನಾವೆಲ್ಲರೂ ಬಳಸುತ್ತೇವೆ. ಗಾದೆ ನಮ್ಮ ನಾಲಿಗೆಯ ಮೇಲೆ ಗಟ್ಟಿಯಾಗಿ ಉಳಿದಿದೆ. ಆದರೆ ಕುಲಾವಿಯನ್ನೂ ಅದರ ಅಕ್ಕನಂತಿರುವ ಕುಂಚಿಗೆಯನ್ನೂ ಹೊಲಿಯಬಲ್ಲ ಕೈಗಳು ಬೇಲಾಪುರ, ಡೊಂಬಿವಲಿ, ಕಲ್ಯಾಣಗಳ ನಮ್ಮ ಮನೆಗಳಲ್ಲಿ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ. ಇಷ್ಟು ಸಣ್ಣ ಬಟ್ಟೆಗೂ ಒಂದು ಚರಿತ್ರೆಯುಂಟು. ಅದು ನಮ್ಮ ವಲಸೆಯ ಚರಿತ್ರೆಯೂ ಹೌದು.

ಕುಲಾವಿಯೆಂದರೆ ಕೂಸಿನ ಟೊಪ್ಪಿಗೆ. ಪಾರಸಿಯ ‘ಕುಲಾಹ್’ ನಮ್ಮಲ್ಲಿಗೆ ಬಂದು ಕುಲಾಯಿ, ಕುಲಾವಿ ಆಯಿತು. ಟೊಪ್ಪಿಗೆಯೂ ಮೇಲುಹೊದಿಕೆಯೂ ಒಂದೇ ಆಗಿರುವುದು ಕುಂಚಿಗೆ. ಬಯಲುಸೀಮೆಯ ಕೂಸಿನ ಚಳಿಗಾಲದ ಕೋಟು ಇದೇ. ಉದ್ದನೆಯ ಬಟ್ಟೆಯನ್ನು ನಡುವೆ ಮಡಚಿ, ಮೇಲಂಚಿನ ಎರಡು ಅರ್ಧಗಳನ್ನು ಕೂಡಿಸಿ ಹೊಲಿದರೆ ತಲೆಯ ಗೂಡು ಸಿದ್ಧ. ಉಳಿದದ್ದು ಬೆನ್ನ ಮೇಲಿಂದ ಕಾಲಿನವರೆಗೆ ಇಳಿಯುತ್ತದೆ. ಗದ್ದದ ಕೆಳಗೆ ಎರಡು ಕಸೆ, ತೋಳಿಲ್ಲ, ಗುಂಡಿಯಿಲ್ಲ. ಒಳಗೆ ಅಸ್ತರಿಗೆ ಒಗೆದೊಗೆದು ಮೆತ್ತಗಾದ ಹಳೆಯ ಸೀರೆಯ ತುಂಡು. ಹಸುಗೂಸಿನ ತಲೆ ಅದರ ಮೈಯ ಸುಮಾರು ಐದನೆಯ ಒಂದು ಭಾಗವಾದ್ದರಿಂದ ಮೈಶಾಖ ಅಲ್ಲಿಂದಲೇ ಬಹಳ ಹೋಗುತ್ತದೆ. ನಮ್ಮ ಅಜ್ಜಿಯರು ಈ ಲೆಕ್ಕ ಓದಿದವರಲ್ಲ. ಆದರೂ ಮೊದಲು ತಲೆಯನ್ನೇ ಮುಚ್ಚಿದರು.

ಹೊರಮೈಗೆ ಹೆಚ್ಚಾಗಿ ಖಣವನ್ನೇ ಬಳಸುತ್ತಿದ್ದರು. ಈಗಿನ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ನೇಕಾರರು ಕುಪ್ಪಸಕ್ಕೆಂದು ನೇಯುತ್ತ ಬಂದ ಬಟ್ಟೆ ಇದು. ಕುಪ್ಪಸದ ಖಣಕ್ಕೆ ಮಹಾರಾಷ್ಟ್ರವೇ ದೊಡ್ಡ ಗಿರಾಕಿಯಾಗಿತ್ತು. ಆದ್ದರಿಂದಲೇ ನಮ್ಮ ‘ಖಣ’ ನೆರೆಮನೆಯವರ ಬಾಯಲ್ಲಿ ‘ಖಣ್’, ನಮ್ಮ ‘ಕುಂಚಿಗೆ’ ಅವರಿಗೆ ‘ಕುಂಚಿ’. ಬೇಲಾಪುರದ ಮರಾಠಿ ಅಜ್ಜಿಯೊಬ್ಬರಿಗೆ ಇದನ್ನು ತೋರಿಸಿದರೆ ವಿವರಿಸುವ ಅಗತ್ಯವೇ ಬೀಳದು.

ಈ ನೆಂಟಸ್ತನ ಇಂದಿನದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರದ ಸೀಮೆಗಳೂ ಠಾಣೆಯೂ ಒಂದೇ ಮುಂಬಯಿ ಆಡಳಿತದಲ್ಲಿದ್ದವು. 1863ರಲ್ಲಿ ಬೋರ್ ಘಾಟಿನ ರೈಲುದಾರಿ ತೆರೆಯಿತು. 1884ರಲ್ಲಿ ಹೊಟಗಿ-ಗದಗ ದಾರಿ ವಿಜಾಪುರ, ಬಾಗಲಕೋಟೆಗಳನ್ನು ಸೊಲ್ಲಾಪುರದ ಕಡೆಗೆ ಕೂಡಿಸಿತು. ಖಣದ ಗಂಟುಗಳು ಹೋದ ಈ ಹಾದಿಯಲ್ಲೇ ನಮ್ಮ ಹಿರಿಯರೂ ಉದ್ಯೋಗ ಅರಸಿ ಬಂದರು.

ಉಣ್ಣೆಯಿರುವಾಗ ಹತ್ತಿಯೇಕೆ ಎಂದು ಓದುಗರು ಕೇಳಬಹುದು. ಕುರುಬರು ನೇಯ್ದ ಕರಿಯ ಕಂಬಳಿ ದೊಡ್ಡವರ ಚಳಿಗೂ ಮಳೆಗೂ ಆಯಿತು. ಅದನ್ನೇ ಮಡಚಿ ತಲೆಯ ಮೇಲೆ ಹಾಕಿಕೊಂಡರೆ ಕೊಪ್ಪೆ. ಕುಂಚಿಗೆಯ ಆಕಾರ ಈ ಕೊಪ್ಪೆಯದೇ ಎಂದು ನಮಗನಿಸುತ್ತದೆ. ಆದರೆ ದಖ್ಖನಿ ಕುರಿಯ ಒರಟು ಉಣ್ಣೆ ಎಳೆಯ ಚರ್ಮವನ್ನು ಚುಚ್ಚುತ್ತದೆ. ಹೀಗಾಗಿ ಕೂಸಿಗೆ ಹತ್ತಿಯ ಎರಡು ಪದರವೇ ಲೇಸೆನಿಸಿತು. ನಮ್ಮ ಠಾಣೆಯಲ್ಲಿಯೇ 1925ರಲ್ಲಿ ಸ್ಥಾಪನೆಯಾದ ರೇಮಂಡ್ ಉಣ್ಣೆ ಗಿರಣಿಯಿತ್ತು; 2009ರಲ್ಲಿ ಅಲ್ಲಿಯ ಉತ್ಪಾದನೆ ನಿಂತಿತು. ಗಿರಣಿಯ ಉಣ್ಣೆ ಕೈಗೆಟಕುವಷ್ಟು ಹತ್ತಿರವಿದ್ದರೂ ಕುಂಚಿಗೆ ಹತ್ತಿಯದೇ ಆಗಿ ಉಳಿಯಿತು.

ಬೇಲಾಪುರಕ್ಕೆ ಕುಂಚಿಗೆ ಬೇಕೆ? ಸಿಡ್ಕೊ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ರೈಲು 1992ರಲ್ಲಿ ಖಾಡಿ ದಾಟಿ ವಾಶಿಗೂ ಮರುವರ್ಷ ಬೇಲಾಪುರಕ್ಕೂ ಬಂತು. ಹಿಂದೆಯೇ ನಮ್ಮವರ ಸಂಸಾರಗಳೂ ಬಂದವು. ಪನವೇಲ್ ಖಾಡಿಯ ದಡದ ಈ ಊರಿನಲ್ಲಿ ಜನವರಿಯ ಇರುಳೂ ಹಿತವಾಗಿಯೇ ಇರುತ್ತದೆ. ಆದರೆ ಡಿಸೆಂಬರ್ ರಜೆಯಲ್ಲಿ ಕಲ್ಯಾಣದಲ್ಲಿ ರೈಲು ಹಿಡಿದು, ನಸುಕಿನಲ್ಲಿ ವಿಜಾಪುರದ ನಿಲ್ದಾಣದಲ್ಲಿ ಇಳಿದಾಗ ಬಯಲುಸೀಮೆಯ ಕುಳಿರ್ಗಾಳಿ ಕಿವಿಗೆ ತಾಕುತ್ತದೆ. ಆಗ ಅಂಗಡಿಯ ನೈಲಾನ್ ಜಾಕೀಟಿನೊಳಗೆ ಬೆವೆತು ಅಳುವ ಕೂಸನ್ನೂ ಕುಂಚಿಗೆಯೊಳಗೆ ನಿದ್ರಿಸುವ ಕೂಸನ್ನೂ ನಾವು ನೋಡಿದ್ದೇವೆ.

ಇಂದಿನ ವೈದ್ಯರ ಮಾತನ್ನೂ ಇಲ್ಲಿ ಸೇರಿಸಬೇಕು. ಮಲಗಿಸುವಾಗ ಮಗುವಿನ ಮುಖದ ಬಳಿ ಸಡಿಲ ಬಟ್ಟೆ, ಕಸೆ, ಟೊಪ್ಪಿಗೆ ಇರಬಾರದು. ಹಿಂದಿನಂತೆ ಮಣಿ, ಗೆಜ್ಜೆ ಪೋಣಿಸಿದರೆ ಕಿತ್ತು ಬಾಯಿಗೆ ಹಾಕಿಕೊಳ್ಳುವ ಭಯವುಂಟು. ಅಂಚಿಗೆ ಬಣ್ಣದ ಪಟ್ಟಿ ಸಾಕು. ಕುಂಚಿಗೆ ಹೊರಗೆ ಎತ್ತಿಕೊಂಡು ಹೋಗುವಾಗಿನ ಉಡುಪು. ಹೀಗೆ ತಿದ್ದಿಕೊಂಡರೆ ಅದಕ್ಕೆ ಕುಂದೇನೂ ಬಾರದು.

ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಖಣದ ಸೀರೆ, ಕೈಚೀಲಗಳು ಪೇಟೆಯಲ್ಲಿ ಮೆರೆಯುತ್ತಿವೆ. ಬಟ್ಟೆ ಉಳಿದೀತು. ಆದರೆ ಹೊಲಿಗೆಯ ಅಳತೆ ಯಾವ ಪುಸ್ತಕದಿಂದಲೂ ನಮಗೆ ಬಂದದ್ದಲ್ಲ. ಅದು ಅತ್ತೆ-ಅಜ್ಜಿಯರ ಗೇಣು ಮೊಳಗಳಲ್ಲಿದೆ. ಅವರು ಒಬ್ಬೊಬ್ಬರಾಗಿ ಅಗಲಿದಂತೆ ಅದೂ ಹೋಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಈ ಸಂಕ್ರಾಂತಿಗೆ ಅವರನ್ನು ಕೂಡಿಸಿಕೊಂಡು ಒಂದು ಕುಂಚಿಗೆಯನ್ನು ಹೊಲಿಯಿರಿ, ಕಾಗದದ ಮೇಲೆ ಅಳತೆಯನ್ನು ಬರೆದಿಡಿರಿ. ಸೋದರತ್ತೆ ಬೆಂಗಳೂರಿನಲ್ಲಿರಲಿ, ಪರದೇಶದಲ್ಲಿರಲಿ, ಮುಂದಿನ ತೊಟ್ಟಿಲಿಗೆ ಆ ಕಾಗದ ಬೇಕಾದೀತು.