ಬೀಗ ಬಿದ್ದ ಶಾಲೆಗಳು

ಅಮೆರಿಕದ ಕಪ್ಪು ವಿದ್ಯಾರ್ಥಿಗಳು ವಿದ್ಯೆಯಲ್ಲಿ ಹಿಂದುಳಿದರೆಂಬ ಮಾತನ್ನು ನಾವು ಆಗಾಗ ಓದುತ್ತೇವೆ. ಹಿಂದುಳಿದವರು ಯಾರು, ಹಿಂದಕ್ಕೆ ತಳ್ಳಿದವರು ಯಾರು ಎಂದು ವಿಚಾರಿಸಲು ಹೊರಟಾಗಲೆಲ್ಲ ನನ್ನ ಕಣ್ಣ ಮುಂದೆ ನಿಲ್ಲುವುದು ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಇತಿಹಾಸ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ವಿಭಾಗ. ಅದರ ಮುಖ್ಯ ಪಟ್ಟಣ ಫಾರ್ಮ್‌ವಿಲ್.

ಅಲ್ಲಿ ಕಪ್ಪು ಮಕ್ಕಳಿಗೆಂದೇ 1939ರಲ್ಲಿ ಕಟ್ಟಿದ ಮೋಟನ್ ಪ್ರೌಢಶಾಲೆಯಲ್ಲಿ 180 ಮಂದಿಗೆ ಸ್ಥಳವಿತ್ತು. ಸುಮಾರು ಹತ್ತು ವರ್ಷಗಳಲ್ಲಿ 400ಕ್ಕೂ ಹೆಚ್ಚು ಮಂದಿ ಅದರಲ್ಲಿ ತುಂಬಿಕೊಂಡರು. ಹೊಸ ಕಟ್ಟಡ ಕೇಳಿದವರಿಗೆ ದೊರೆತದ್ದು ಡಾಂಬರು ಕಾಗದ ಹೊದಿಸಿದ ಮರದ ಶೆಡ್ಡುಗಳು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16 ವರ್ಷದ ವಿದ್ಯಾರ್ಥಿನಿ ಸಹಪಾಠಿಗಳನ್ನು ಸಭೆ ಸೇರಿಸಿ ಮುಷ್ಕರ ಹೂಡಿದಳು. ಅವಳು ಮೊದಲು ಬೇಡಿದ್ದು ಒಂದು ಒಳ್ಳೆಯ ಶಾಲೆಯನ್ನು ಮಾತ್ರ. ಆದರೆ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್‌ಸನ್ ಬಣ್ಣಕ್ಕೊಂದು ಶಾಲೆಯೆಂಬ ಪದ್ಧತಿಯನ್ನೇ ಪ್ರಶ್ನಿಸಿ ದಾವೆ ಹೂಡಿದರು. ಪ್ರಸಿದ್ಧವಾದ ಬ್ರೌನ್ ತೀರ್ಪಿನಲ್ಲಿ ಒಂದುಗೂಡಿದ್ದ 5 ಮೊಕದ್ದಮೆಗಳಲ್ಲಿ ಇದೂ ಒಂದು. 1954ರ ಮೇ 17ರಂದು ಸುಪ್ರೀಂ ಕೋರ್ಟು ಆ ಪದ್ಧತಿ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು.

ಗೆದ್ದ ಮಕ್ಕಳಿಗೆ ದೊರೆತ ಫಲವೇನು? ಮರುವರ್ಷದ ಆದೇಶದಲ್ಲಿ ನ್ಯಾಯಾಲಯ ವಿವೇಚನೆ, ವೇಗ ಎರಡನ್ನೂ ಬಯಸಿತ್ತು. ಕೌಂಟಿಯ ಆಡಳಿತಗಾರರು ವಿವೇಚನೆಯ ಹೆಸರಿನಲ್ಲಿ ಕಾಲ ತಳ್ಳಿದರು. ಇನ್ನು ತಪ್ಪದೆಂದಾಗ, 1959ರಲ್ಲಿ, ಸರಕಾರಿ ಶಾಲೆಗಳಿಗೆ ಹಣವನ್ನೇ ಮಂಜೂರು ಮಾಡಲಿಲ್ಲ. ಶಾಲೆಗಳಿಗೆಲ್ಲ ಬೀಗ ಬಿತ್ತು. ಬಿಳಿಯ ಮಕ್ಕಳಿಗಾಗಿ ಖಾಸಗಿ ಶಾಲೆ ತೆರೆಯಿತು. ರಾಜ್ಯದ ಸಹಾಯಧನ, ಕೌಂಟಿಯ ತೆರಿಗೆ ರಿಯಾಯಿತಿ ಅದರ ಬೆನ್ನಿಗೆ ನಿಂತವು. ಸುಮಾರು 1,700 ಕಪ್ಪು ಮಕ್ಕಳು ಬೀದಿಯಲ್ಲಿ ಉಳಿದರು. ಕೆಲವರು ದೂರದ ಬಂಧುಗಳ ಮನೆ ಸೇರಿದರು. ಕೆಲವರು ಚರ್ಚುಗಳಲ್ಲಿ ಅಷ್ಟಿಷ್ಟು ಕಲಿತರು. ಅನೇಕರು ಹೊಲದ ಕೆಲಸಕ್ಕೆ ಹೋದರು. ಕಪ್ಪು ಮಕ್ಕಳಿಗೂ ಪ್ರತ್ಯೇಕ ಖಾಸಗಿ ಶಾಲೆ ತೆರೆಯೋಣವೆಂಬ ಸೂಚನೆ ಬಂದಾಗ ಅವರ ಹಿರಿಯರು ಒಪ್ಪಲಿಲ್ಲ. ಒಪ್ಪಿದ್ದರೆ, ಗೆದ್ದ ನ್ಯಾಯವನ್ನು ತಾವೇ ಬಿಟ್ಟುಕೊಟ್ಟಂತಾಗುತ್ತಿತ್ತು. ತಮ್ಮ ಮಕ್ಕಳ ಇಂದಿನ ಪಾಠಕ್ಕೂ ನಾಳಿನ ಹಕ್ಕಿಗೂ ನಡುವೆ ಆರಿಸಿಕೊಳ್ಳಬೇಕಾಗಿ ಬಂದ ತಂದೆತಾಯಿಗಳ ಸಂಕಟವನ್ನು ನಾನು ಊಹಿಸಬಲ್ಲೆನಷ್ಟೆ, ಅಳೆಯಲಾರೆ.

1963ರಲ್ಲಿ ದಾನದ ಹಣದಿಂದ ಉಚಿತ ಶಾಲೆಗಳು ಆರಂಭವಾದವು. 1964ರ ಮೇ 25ರಂದು ಸುಪ್ರೀಂ ಕೋರ್ಟು ಶಾಲೆ ಮುಚ್ಚಿದ್ದು ಅಕ್ರಮವೆಂದಿತು. ಸರಕಾರಿ ಶಾಲೆಗಳ ಬಾಗಿಲು ತೆರೆಯಿತು. ಆದರೆ ಒಳಗೆ ಬಂದ ಬಿಳಿಯ ಮಕ್ಕಳು ಬೆರಳೆಣಿಕೆಯಷ್ಟೇ. 1959ರಲ್ಲಿ 15 ತುಂಬಿದ್ದ ಹುಡುಗನಿಗೆ ಉಚಿತ ಶಾಲೆ ತೆರೆಯುವ ಹೊತ್ತಿಗೆ 19. ಅಂಥವರಲ್ಲಿ ಹಲವರು ಮತ್ತೆ ಪುಸ್ತಕ ಹಿಡಿಯಲೇ ಇಲ್ಲ.

ಬೀಗ ತೆಗೆದ ಮೇಲೂ ಆಯವ್ಯಯದ ಕೈ ಸುಮ್ಮನಿರಲಿಲ್ಲ. ಅಮೆರಿಕದ ಶಾಲೆಗಳ ಆದಾಯದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯದು. ಬಡವರ ಕೇರಿಯ ಶಾಲೆಗೆ ಸಹಜವಾಗಿಯೇ ಕಡಿಮೆ ಆದಾಯ. ಈ ಅಸಮಾನತೆ ದೇಶದ ಸಂವಿಧಾನವನ್ನು ಮುರಿಯುವುದಿಲ್ಲವೆಂದು 1973ರಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿತು.

ವರ್ಜೀನಿಯಾ ರಾಜ್ಯವು 2004ರಲ್ಲಿ, ಶಾಲೆಗಳು ಮುಚ್ಚಿದ್ದರಿಂದ ಓದು ತಪ್ಪಿಹೋದವರಿಗೆಂದು ವಿದ್ಯಾರ್ಥಿವೇತನ ಏರ್ಪಡಿಸಿತು. ಅರ್ಜಿ ಹಾಕಬಹುದಾಗಿದ್ದವರಲ್ಲಿ ಕೆಲವರಿಗೆ ಅರುವತ್ತು ಮೀರಿತ್ತು. ಕ್ಷಮೆ ಕೇಳುವುದು ದೊಡ್ಡ ಗುಣವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ನ್ಯಾಯಕ್ಕೆ ಕಾಯುವ ತಾಳ್ಮೆ ದೊಡ್ಡವರಿಗೆ ಇರಬಹುದು. ಬಾಲ್ಯ ಮಾತ್ರ ಕಾಯುವುದಿಲ್ಲ.